ಮಣಿರಂಧ್ರಶೋಧನೆಯೂ ಮಲವಿಚಾರವೂ

ಕೊರಳ ಮಣಿಯ ಬಣ್ಣವನ್ನು ಮೆಚ್ಚುವವರು ಬಹುಮಂದಿ. ಅದರ ರಂಧ್ರದೊಳಗೆ ಇಣಿಕಿ ನೋಡುವವರು ವಿರಳ. ದಾರವನ್ನು ಪೋಣಿಸಿದ ತರುವಾಯವಂತೂ ರಂಧ್ರವು ಕಣ್ಣಿಗೆ ಬೀಳುವುದೇ ಇಲ್ಲ. ಹೀಗಿರುವಲ್ಲಿ ಆ ಒಳದಾರಿಯನ್ನು ಶುದ್ಧಗೊಳಿಸಲು ಮಾಡುವ ಶ್ರಮವು ಅವಶ್ಯವೋ, ವ್ಯರ್ಥವೋ? ಪ್ರಶ್ನೆಯು ಅಲ್ಪವಾಗಿ ತೋರುವುದು. ಆದರೆ ಮಲವೆಂದರೇನು, ಅದನ್ನು ಕಳೆಯುವ ಭಾರವನ್ನು ಹೊರತಕ್ಕವರು ಯಾರು ಎಂಬ ಎರಡು ದೊಡ್ಡ ಪ್ರಶ್ನೆಗಳು ಇದರೊಳಗೆ ಅಡಗಿವೆ.

ಮೊದಲು ಮಣಿಯ ಜನ್ಮವೃತ್ತಾಂತವನ್ನು ಅರಿಯಬೇಕು. ಗಾಜಿನ ಮಣಿಗಳೆಲ್ಲವೂ ಒಂದೇ ವಿಧದಿಂದ ಹುಟ್ಟುವುದಿಲ್ಲ. ಕರಗಿದ ಗಾಜನ್ನು ಉದ್ದವಾದ ಕೊಳವೆಯಾಗಿ ಎಳೆದು, ಆರಿದ ಮೇಲೆ ತುಂಡರಿಸಿ ಮಾಡುವುದು ಒಂದು ವಿಧ. ಆಂಧ್ರದ ಪಾಪನಾಯುಡುಪೇಟೆಯು ಈ ವಿಧಕ್ಕೆ ಹೆಸರಾದ ಊರು. ಇಂಥ ಮಣಿಗೆ ರಂಧ್ರವು ಕೊಳವೆಯಿಂದಲೇ ಬರುವುದರಿಂದ ಅದರಲ್ಲಿ ಮಣ್ಣಿನ ಸೋಂಕಿಲ್ಲ. ಎರಡನೆಯದು ದೀಪದ ಜ್ವಾಲೆಯಲ್ಲಿ ಒಂದೊಂದಾಗಿ ಸುತ್ತಿ ಮಾಡುವ ಮಣಿ. ಕಾಶಿಯಲ್ಲಿಯೂ ಉತ್ತರಪ್ರದೇಶದ ಪುರ್ದಿಲನಗರದಲ್ಲಿಯೂ ಕೈಯಿಂದ ಮಣಿ ಮಾಡುವ ಕಸುಬಿದೆ. ಕನ್ನಡನಾಡಿಗೂ ಗಾಜಿನ ಕೆಲಸ ಹೊಸದಲ್ಲ. 1954ರ ಮಸ್ಕಿಯ ಉತ್ಖನನದಲ್ಲಿ ದೊರೆತ ಮಣಿಗಳಲ್ಲಿ ಗಾಜಿನವೂ ಇದ್ದವು. 1800-01ರಲ್ಲಿ ಈ ನಾಡನ್ನು ಸಂಚರಿಸಿದ ಬುಕಾನನ್ ಸಾಹೇಬನು ಹೊಸದುರ್ಗದ ಕಡೆಯ ಮತ್ತೋಡಿನ ಗಾಜಿನ ಕೆಲಸವನ್ನು ಬರೆದಿಟ್ಟಿದ್ದಾನೆ. ಅಲ್ಲಿ ಆಗುತ್ತಿದ್ದುದು ಬಳೆ. ಅದು ಬೇರೆ ಮಾತು.

ಜ್ವಾಲೆಯ ಮಣಿಗೆ ಆಧಾರವಾದುದು ಒಂದು ಉಕ್ಕಿನ ಕಡ್ಡಿ. ಗಾಜಿನ ಕೋಲನ್ನು ಉರಿಗೆ ಹಿಡಿದು ಜೇನಿನಂತೆ ಇಳಿಯುವ ಹದಕ್ಕೆ ತಂದು, ಆ ಕಡ್ಡಿಯನ್ನು ತಿರುಗಿಸುತ್ತ ಅದರ ಮೇಲೆ ಸುತ್ತುವರು. ಆದರೆ ಬರಿಯ ಕಡ್ಡಿಯ ಮೇಲೆ ಸುತ್ತಿದರೆ ಗಾಜು ಉಕ್ಕನ್ನು ಕಚ್ಚಿಕೊಂಡು ಬಿಡದು. ಆರುವಾಗ ಎರಡೂ ಸಮನಾಗಿ ಕುಗ್ಗದೆ ಮಣಿಯು ಸೀಳುವುದೂ ಉಂಟು. ಆದುದರಿಂದ ಮೊದಲೇ ಕಡ್ಡಿಗೆ ನಯವಾದ ಜೇಡಿಮಣ್ಣಿನಂಥ ಲೇಪವನ್ನು ಬಳಿದು ಒಣಗಿಸಿರುತ್ತಾರೆ. ಮಣಿಯು ನಿಧಾನವಾಗಿ ಆರಿದ ಮೇಲೆ ಕಡ್ಡಿಯನ್ನು ಎಳೆದರೆ ಲೇಪವು ಮುರಿದು ಮಣಿಯು ಕಳಚಿ ಬರುತ್ತದೆ. ಕಡ್ಡಿ ಹೋಯಿತು, ಲೇಪದ ಅರ್ಧಭಾಗ ರಂಧ್ರದ ಗೋಡೆಗೆ ಅಂಟಿಕೊಂಡು ಉಳಿಯಿತು. ಮಣಿಯನ್ನು ನೀರಿನಲ್ಲಿ ನೆನೆಸಿ, ವಜ್ರದ ಹುಡಿ ಹಚ್ಚಿದ ಸಣ್ಣ ಅರವನ್ನು ರಂಧ್ರದಲ್ಲಿ ತಿರುಗಿಸಿ ಕಳೆಯಬೇಕಾದುದು ಇದನ್ನೇ.

ಇಲ್ಲಿ ವಿಚಾರಣೀಯವಾದ ಅಂಶವೊಂದಿದೆ. ಆ ಮಣ್ಣು ಇಲ್ಲದಿದ್ದರೆ ಮಣಿಯೇ ಇಲ್ಲ. ಬೆಂಕಿಯಲ್ಲಿ ಗಾಜಿಗೂ ಉಕ್ಕಿಗೂ ನಡುವೆ ನಿಂತು ಮಣಿಯ ಜನ್ಮವನ್ನು ಕಾಯ್ದುದು ಅದೇ. ಜನ್ಮವಾದ ಮರುಗಳಿಗೆಯಲ್ಲಿ ಅದೇ ಮಣ್ಣು ಮಲವೆನಿಸಿತು! ಆಣವ, ಮಾಯಾ, ಕಾರ್ಮಿಕವೆಂಬ ಮಲತ್ರಯವನ್ನು ಹೇಳುವ ಶೈವಶಾಸ್ತ್ರಕಾರರು ತಾಮ್ರದ ಕಿಲುಬನ್ನೂ ಭತ್ತದ ಹೊಟ್ಟನ್ನೂ ದೃಷ್ಟಾಂತವಾಗಿ ಕೊಡುತ್ತಾರೆ. ಕಿಲುಬಿನ ದೃಷ್ಟಾಂತದಲ್ಲಿ ಮಲವು ಕೇವಲ ದೋಷ. ತಾಮ್ರಕ್ಕೆ ಅದರಿಂದ ಉಪಕಾರವಿಲ್ಲ. ಹೊಟ್ಟಿನ ದೃಷ್ಟಾಂತವು ಅದಕ್ಕಿಂತ ಆಳವಾದುದು. ಹೊಟ್ಟು ಕಾಳನ್ನು ಹಾಲುಗಾಳಿನಿಂದ ಮಾಗುವವರೆಗೆ ಕಾಯುತ್ತದೆ. ಅನ್ನ ಮಾಡುವಾಗ ಮಾತ್ರ ಅದು ತ್ಯಾಜ್ಯ. ಮಣಿಯೊಳಗಿನ ಮಣ್ಣು ಈ ಎರಡನೆಯ ಜಾತಿಗೆ ಸೇರಿದುದು. ಕೆಲಸ ಮುಗಿದ ಮೇಲೂ ಬಿಟ್ಟುಹೋಗದಿರುವುದೇ ಅದರ ಮಲತ್ವ. ನಾನೆಂಬ ಭಾವವೂ ಹೀಗೆಯೇ ಅಲ್ಲವೆ? ತನ್ನ ಹಸಿವು, ತನ್ನ ಭಯ ಎಂಬುದಿಲ್ಲದ ಶಿಶು ಬದುಕಲಾರದು. ಆ ಭಾವವನ್ನು ಹುಟ್ಟಿನಿಂದಲೇ ಪಾಪವೆಂದು ಜರೆಯುವುದು ಸರಿಯಲ್ಲ. ಕಾರ್ಯ ತೀರಿದ ಮೇಲೂ ಅದು ಒಳಗೋಡೆಗೆ ಅಂಟಿ ಕುಳಿತಿರುವುದನ್ನು ಕಾಣದಿರುವುದೂ ಸರಿಯಲ್ಲ.

ಪೂರ್ವಪಕ್ಷಿಯು ಹೇಳಬಹುದು: ಕಾಣದ ಕೊಳೆಯಿಂದ ಯಾರಿಗೆ ನಷ್ಟ? ಕೊಳ್ಳುವವರು ಹೊರಗಿನ ಹೊಳಪಿಗೆ ಬೆಲೆ ಕೊಡುತ್ತಾರೆ. ಒಳಗನ್ನು ಉಜ್ಜಿದವರಿಗೆ ಒಂದು ಕಾಸೂ ಹೆಚ್ಚಿಗೆ ದೊರೆಯದು. ಈ ಮಾತು ಲೋಕದಲ್ಲಿ ಬಲವಾಗಿ ನಡೆಯುತ್ತದೆ. ಆದರೆ ಅದು ವಸ್ತುಸ್ಥಿತಿಗೇ ವಿರುದ್ಧವಾದುದು. ಆ ಲೇಪವು ಒರಟು. ಕೊರಳು ಅಲುಗಿದಂತೆಲ್ಲ ಮರಳುಕಾಗದದಂತೆ ದಾರವನ್ನು ಉಜ್ಜುತ್ತದೆ. ಪಾರದರ್ಶಕವಾದ ಮಣಿಯಾದರೆ ಒಳಗಿನ ಬಿಳಿಯ ಪದರವು ಹೊರಗಿನ ಬಣ್ಣವನ್ನೇ ಮಂಕುಗೊಳಿಸುತ್ತದೆ. ಹುಡಿಯುದುರಿ ಬಟ್ಟೆಗೆ ಹತ್ತುತ್ತದೆ. ದಾರವು ಒಂದೆಡೆ ಹರಿದರೂ ಸಾಕು, ಶುದ್ಧವಾದ ಮಣಿಗಳೂ ಅಶುದ್ಧವಾದ ಮಣಿಗಳೂ ಕೂಡಿಯೇ ನೆಲದ ಪಾಲಾಗುವುವು. ಸಂಸಾರದಲ್ಲಿಯೂ ಊರಿನಲ್ಲಿಯೂ ಒಬ್ಬನ ಗುಪ್ತದೋಷದಿಂದ ಹರಿಯುವುದು ಎಲ್ಲರನ್ನೂ ಹಿಡಿದಿದ್ದ ದಾರವೇ. ಪತಿಯು ನಿತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಆಯ್ದಕ್ಕಿ ಲಕ್ಕಮ್ಮನು ಹೇಳಿದ ಕಥೆಯನ್ನು ಮನೆಮನೆಯವರೂ ಬಲ್ಲರು. ಆ ಹೆಚ್ಚಿನ ಅಕ್ಕಿಯನ್ನು ಅಳೆದು ನೋಡುವವರು ಯಾರಿದ್ದರು?

ರುದ್ರಾಕ್ಷಿಯ ಮಾತು ಇದಕ್ಕಿಂತ ಭಿನ್ನ. ಅದರ ನಡುವಿನ ದಾರಿಯು ಬಹುಮಟ್ಟಿಗೆ ನಿಸರ್ಗದತ್ತವಾದುದು. ಅಲ್ಲಿ ಸೇರುವುದು ಧರಿಸಿದವರ ಬೆವರು, ಮತ್ತು ಅವರೇ ಧರಿಸಿದ ವಿಭೂತಿಯ ಹುಡಿ. ಪವಿತ್ರವಾದ ಭಸ್ಮವೂ ಸಲ್ಲದ ಸ್ಥಳದಲ್ಲಿ ಗಟ್ಟಿಗೊಂಡರೆ ದಾರವನ್ನು ಕೊಳೆಯಿಸುವುದು. ಮೃದುವಾದ ಕುಂಚದಿಂದ ಅದನ್ನು ತೆಗೆದು ದಾರ ಬದಲಿಸುವ ಹಿರಿಯರ ರೂಢಿಯು ಯುಕ್ತವಾದುದೇ.

ಹಾಗೆಂದು ಶೋಧನೆಯೆಲ್ಲವೂ ಪುಣ್ಯವೆಂದು ತಿಳಿಯಬಾರದು. ಒಣ ಅರದಿಂದ ಬಲವಾಗಿ ತಿರುವಿದರೆ ಗಾಜು ಕಾದು ಸೀಳುವುದು. ರಂಧ್ರದ ಅಂಚು ಒಡೆದು, ಮಣ್ಣಿಗಿಂತಲೂ ಹರಿತವಾದ ಬಾಯಿ ಆಗುವುದು. ಆಮೇಲೆ ದಾರವನ್ನು ಕತ್ತರಿಸುವುದು ಶುದ್ಧೀಕರಣವೇ! ಮಕ್ಕಳನ್ನು ತಿದ್ದುವ ಗುರುಗಳೂ ಸೊಸೆಯನ್ನು ತಿದ್ದುವ ಅತ್ತೆಯರೂ ಇದನ್ನು ಮನಸ್ಸಿನಲ್ಲಿಡಬೇಕು. ಇನ್ನೊಂದು ಕಡೆ, ಪ್ರಾಚೀನ ಮಣಿಯ ರಂಧ್ರದಲ್ಲಿ ಉಳಿದ ಮಣ್ಣನ್ನು ಕಂಡೇ ಅದು ಕಡ್ಡಿಗೆ ಸುತ್ತಿ ಮಾಡಿದುದೆಂದು ಪುರಾತತ್ತ್ವಜ್ಞರು ನಿರ್ಣಯಿಸುತ್ತಾರೆ. ಧರಿಸುವವರಿಗೆ ಮಲವಾದುದು ಅವರಿಗೆ ಸಾಕ್ಷ್ಯ. ಆದುದರಿಂದ ತೆಗೆಯುವ ಮುನ್ನ, ತೆಗೆಯುತ್ತಿರುವುದು ಏನೆಂಬ ಅರಿವು ಬೇಕು.

ಈ ಅರಿವಿಲ್ಲದೆ ಆದುದಕ್ಕೆ ಭೀಮಾತೀರದ ಸನ್ನತಿಯಲ್ಲಿಯೇ ನಿದರ್ಶನವಿದೆ. ಚಿತ್ತಾಪುರ ತಾಲೂಕಿನ ಆ ಕ್ಷೇತ್ರದ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಆಗ ದೇವಿಯ ಪೀಠವಾಗಿದ್ದ ಚಪ್ಪಡಿಯೇ ಅಶೋಕ ಚಕ್ರವರ್ತಿಯ ಶಾಸನವೆಂದು ಬೆಳಕಿಗೆ ಬಂದಿತು. ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಬರಹ. ಮೂರ್ತಿಯನ್ನು ನಿಲ್ಲಿಸಲು ಹಿಂದೆಂದೋ ಆ ಕಲ್ಲಿನ ನಡುವೆ ಚೌಕನೆಯ ರಂಧ್ರವನ್ನು ಕೊರೆದಿದ್ದರು. ಆ ಸ್ಥಳದ ಅಕ್ಷರಗಳು ಹೋದವು. ಅದರಲ್ಲಿರುವ ಶಾಸನಗಳಲ್ಲಿ ಒಂದು ಹನ್ನೆರಡನೆಯದು: ತನ್ನ ಮತವನ್ನು ಅಕಾರಣವಾಗಿ ಹೊಗಳಿ ಪರಮತವನ್ನು ಹಳಿಯಬಾರದು, ನಾಲಗೆಗೆ ಸಂಯಮವಿರಬೇಕು ಎಂಬುದು ಅದರ ತಾತ್ಪರ್ಯ. ಕೊರೆದವರಲ್ಲಿ ದ್ವೇಷವಿತ್ತೆಂದು ಹೇಳಲು ಆಧಾರವಿಲ್ಲ. ಅವರಿಗೆ ಕಂಡುದು ಗಟ್ಟಿಯಾದ ಒಂದು ಕಲ್ಲು, ಮನಸ್ಸಿನಲ್ಲಿದ್ದುದು ಭಕ್ತಿ. ಓದಲು ಬಾರದವನ ಕೈಯಲ್ಲಿ ಅಕ್ಷರವೂ ಒರಟುತನವೂ ಒಂದೇ ಆಗುತ್ತವೆ. ಪುಣ್ಯವಶಾತ್ ಇವೇ ಶಾಸನಗಳ ಪ್ರತಿಗಳು ದೇಶದ ಬೇರೆಡೆಗಳಲ್ಲಿ ಇರುವುದರಿಂದ ವಿದ್ವಾಂಸರು ಅವುಗಳೊಡನೆ ಹೋಲಿಸಿ ಲುಪ್ತಪಾಠವನ್ನು ಊಹಿಸಬಲ್ಲರು. ಎಲ್ಲ ನಷ್ಟಕ್ಕೂ ಇಂಥ ಪ್ರತಿ ಇರುವುದಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಮಣಿಗೆ ರೂಪು ಕೊಟ್ಟವನ ಹೆಸರನ್ನು ಲೋಕವು ಕೇಳುತ್ತದೆ. ರಂಧ್ರವನ್ನು ಉಜ್ಜಿದವರ ಹೆಸರನ್ನು ಕೇಳುವುದಿಲ್ಲ. ಮಡಿವಾಳ ಮಾಚಯ್ಯನಿಗೂ ಕಸಗುಡಿಸುವ ಸತ್ಯಕ್ಕನಿಗೂ ಸಮಪದವಿಯನ್ನು ಕೊಟ್ಟ ಕಲ್ಯಾಣದ ಶರಣಪರಂಪರೆಯನ್ನು ಒಪ್ಪಿದವರು, ಕೊಳೆ ತೆಗೆಯುವ ಕಾಯಕವು ಕೊಳೆಯಾದುದೆಂದು ಮಾತಿನಲ್ಲಿ ಹೇಳಲಾರರು. ಕೂಲಿ ಕೊಡುವಾಗ ಮಾತ್ರ ಹಾಗೆಂದು ತೋರಿಸುತ್ತಾರೆ. ಇದು ಬರಿಯ ಗೌರವದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಒಣಗಿದ ಲೇಪವನ್ನು ಕೆರೆಯುವಾಗ ಏಳುವ ಹುಡಿಯೂ ಅರೆದ ಗಾಜಿನ ಕಣಗಳೂ ಉಸಿರಿನೊಡನೆ ಎದೆಗಿಳಿದು, ಕಾಲಾಂತರದಲ್ಲಿ ವ್ಯಾಧಿಯನ್ನು ತರುತ್ತವೆ. ಧರಿಸುವವರ ಕೊರಳು ಶುದ್ಧವಾಗಲೆಂದು ತೊಳೆಯುವವರ ಶ್ವಾಸಕೋಶವು ಮಲಿನವಾದರೆ ಮಲವು ನಾಶವಾಯಿತೆ? ಸ್ಥಳಾಂತರವಾಯಿತಷ್ಟೆ. ಪ್ರತಿಯೊಂದು ಶುದ್ಧಿಯ ವಿಷಯದಲ್ಲಿಯೂ, ತೆಗೆದ ಕೊಳೆ ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕೂ ಹೊಣೆಯೂ ಗೃಹಸ್ಥನಿಗಿದೆ.

ಇದಕ್ಕೆ ಉಪಾಯವು ಕಷ್ಟವಲ್ಲ. ಶಹಾಬಾದಿನ ಹಾಸುಗಲ್ಲನ್ನು ನುಣುಪುಗೊಳಿಸುವಾಗ ಮೇಲೆ ನೀರು ಹರಿಸುವುದನ್ನು ಈ ಭಾಗದವರೆಲ್ಲ ಕಂಡಿದ್ದಾರೆ. ಮಣಿಗೂ ಅದೇ ಕ್ರಮ. ಮಣಿಯನ್ನೂ ಅರವನ್ನೂ ನೀರಿನ ಪಾತ್ರೆಯೊಳಗೆ ಮುಳುಗಿಸಿಯೇ ತಿರುಗಿಸಬೇಕು; ಒತ್ತಬಾರದು, ನಡುನಡುವೆ ಅರವನ್ನು ಹೊರಗೆಳೆದು ತೊಳೆಯಬೇಕು. ರಂಧ್ರದ ಒಂದು ಬಾಯಿಯಿಂದ ಅರ್ಧ, ಇನ್ನೊಂದು ಬಾಯಿಯಿಂದ ಅರ್ಧ ಉಜ್ಜಿದರೆ ಅಂಚು ಒಡೆಯದು. ಬೆಳಕಿಗೆ ಹಿಡಿದು ನೋಡಿದಾಗ ಬಿಳಿಯ ಕಲೆ ಕಾಣದಿದ್ದರೆ ಕೆಲಸ ಮುಗಿಯಿತು. ಪಾತ್ರೆಯ ತಳದಲ್ಲಿ ನಿಂತ ಕೆಸರನ್ನು ಮಾತ್ರ ಒಣಗಲು ಬಿಡದೆ, ಹಸಿಯಾಗಿರುವಾಗಲೇ ಬಟ್ಟೆಯಲ್ಲಿ ಒರೆಸಿ ತೆಗೆಯತಕ್ಕದ್ದು.