ಕರೆ ಮಾಡಿದವನ ಮಾತಿನ ಪ್ರಾಮಾಣ್ಯ

ನಮಗೆ ಗೊತ್ತಿರುವುದರಲ್ಲಿ ಕಂಡು ತಿಳಿದದ್ದು ಕಡಿಮೆ, ಕೇಳಿ ತಿಳಿದದ್ದೇ ಹೆಚ್ಚು. ಹುಟ್ಟಿದ ದಿನ, ಮುತ್ತಜ್ಜನ ಊರು, ಮಾತ್ರೆಯೊಳಗಿರುವ ಮದ್ದು, ಬ್ಯಾಂಕಿನಲ್ಲಿ ನಮ್ಮ ಹಣ ಇನ್ನೂ ಇದೆ ಎಂಬುದು, ಎಲ್ಲಕ್ಕೂ ಇನ್ನೊಬ್ಬರ ಮಾತೇ ಆಧಾರ. ಹೀಗೆ ಕೇಳಿ ಹುಟ್ಟಿದ ನಂಬಿಕೆಯನ್ನು ಜ್ಞಾನ ಎನ್ನಬಹುದೇ, ಎನ್ನುವುದಾದರೆ ಯಾವ ಷರತ್ತಿನ ಮೇಲೆ ಎಂಬ ಪ್ರಶ್ನೆಯನ್ನು ಭಾರತೀಯ ದಾರ್ಶನಿಕರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಚರ್ಚಿಸಿದರು. ಮಾತೇ ಅರಿವಿಗೆ ಆಧಾರವಾಗುವ ಈ ಬಗೆಯನ್ನು, ಅಂದರೆ ಶಬ್ದಪ್ರಮಾಣವನ್ನು, ಚಾರ್ವಾಕರು ಒಪ್ಪಲೇ ಇಲ್ಲ. ಬೌದ್ಧರೂ ವೈಶೇಷಿಕರೂ ಅದನ್ನು ಅನುಮಾನಪ್ರಮಾಣದೊಳಗೇ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸಿ ತಿಳಿಯುವ ಬಗೆಯೊಳಗೇ, ಸೇರಿಸಿಬಿಟ್ಟರು. ನೈಯಾಯಿಕರು, ಮೀಮಾಂಸಕರು, ವೇದಾಂತಿಗಳು ಅದಕ್ಕೆ ಸ್ವತಂತ್ರ ಸ್ಥಾನ ಕೊಟ್ಟರು. ಆ ಚರ್ಚೆಯ ಕಣ್ಣು ವೇದದ ಮೇಲಿತ್ತು ನಿಜ. ಆದರೆ ಅಲ್ಲಿ ಹದಗೊಂಡ ಉಪಕರಣಗಳು ಯಾರ ಮಾತಿಗಾದರೂ ಒಗ್ಗುವಂಥವು. ಈಗ ಫೋನಿನಲ್ಲಿ ನಡೆಯುತ್ತಿರುವ ಒಂದು ದಂಧೆಗೆ ಅವನ್ನು ಹಚ್ಚಿ ನೋಡಿದರೆ ಶಾಸ್ತ್ರಕ್ಕೆ ಅಪಚಾರವೇನೂ ಆಗದು.

ದಂಧೆ ಹೊಸದಲ್ಲ. ದೆಹಲಿಯ ಸುತ್ತಮುತ್ತಲಿನ ಅಥವಾ ಕೋಲ್ಕತ್ತದ ಒಂದು ಕಾಲ್ ಸೆಂಟರಿನಿಂದ ಅಮೆರಿಕದ, ಬ್ರಿಟನ್ನಿನ, ಆಸ್ಟ್ರೇಲಿಯಾದ ಮನೆಗೆ ಕರೆ ಹೋಗುತ್ತದೆ: ಮೈಕ್ರೋಸಾಫ್ಟ್‌ನವರು ಮಾತಾಡುತ್ತಿದ್ದೇವೆ, ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ. ಆಮೇಲಾಮೇಲೆ ಕರೆ ಮಾಡುವ ಶ್ರಮವೂ ಉಳಿಯಿತು. ಪರದೆಯ ತುಂಬ ಕೆಂಪು ಎಚ್ಚರಿಕೆ, ಕಿರುಚುವ ಸದ್ದು, ಕೆಳಗೊಂದು ಫೋನ್ ನಂಬರು. ಹೆದರಿದವನು ತಾನೇ ಕರೆ ಮಾಡುತ್ತಾನೆ. 2012ರ ಅಕ್ಟೋಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಜಾಲಗಳ ಮೇಲೆ ಮೊಕದ್ದಮೆ ಹೂಡಿತು. 2018ರಲ್ಲಿ ಮೈಕ್ರೋಸಾಫ್ಟ್‌ನ ದೂರಿನ ಮೇಲೆ ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ಪೊಲೀಸ್ ದಾಳಿಗಳಾದವು, 2022 ಮತ್ತು 2023ರಲ್ಲಿ ಸಿಬಿಐ 'ಆಪರೇಷನ್ ಚಕ್ರ' ನಡೆಸಿತು. ಆದರೂ ಎಫ್‌ಬಿಐಗೆ ಬಂದ ದೂರುಗಳ ಲೆಕ್ಕದಲ್ಲೇ 2023ರಲ್ಲಿ ಈ ಬಗೆಯ ವಂಚನೆಯಿಂದ ಹೋದ ಹಣ 92 ಕೋಟಿ ಡಾಲರಿಗೂ ಮೇಲೆ. ನಮ್ಮಲ್ಲಿ ಇದೇ ಆಟ ಬೇರೆ ವೇಷದಲ್ಲಿದೆ. ಕೆವೈಸಿ ಮುಗಿದಿದೆ, ರಾತ್ರಿ ಕರೆಂಟ್ ಕಟ್ ಆಗುತ್ತದೆ ಎಂದು ಹೆದರಿಸಿ, ಅಥವಾ ಗೂಗಲ್‌ನಲ್ಲಿ ಸುಳ್ಳು 'ಕಸ್ಟಮರ್ ಕೇರ್' ನಂಬರನ್ನು ತೂರಿಸಿಟ್ಟು, ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ ಮೊಬೈಲನ್ನೇ ಕೈವಶ ಮಾಡಿಕೊಳ್ಳುತ್ತಾರೆ. ರಿಸರ್ವ್ ಬ್ಯಾಂಕ್ ಈ ಆ್ಯಪಿನ ದುರ್ಬಳಕೆಯ ಬಗ್ಗೆ 2019ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ನ್ಯಾಯದರ್ಶನದ ಪ್ರಕಾರ ಆಪ್ತನ ಉಪದೇಶವೇ ಶಬ್ದಪ್ರಮಾಣ. ಆಪ್ತನೆಂದರೆ ಯಾರು? ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಎರಡು ಲಕ್ಷಣ ಹೇಳುತ್ತಾನೆ: ವಿಷಯವನ್ನು ನೇರವಾಗಿ ತಿಳಿದವನಾಗಿರಬೇಕು, ತಿಳಿದಂತೆಯೇ ತಿಳಿಸುವ ಇಚ್ಛೆಯೂ ಇರಬೇಕು. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಒಂದೇ ಎಂದು ಅವನು ಸೇರಿಸುವುದು ಮೆಚ್ಚಬೇಕಾದ ಮಾತು, ಏಕೆಂದರೆ ಹಾಗೆ ಹೇಳಿದ ಕೂಡಲೇ ಕುಲ, ಉಚ್ಚಾರಣೆ, ಪದವಿ, ಸಮವಸ್ತ್ರಗಳೆಲ್ಲ ಲೆಕ್ಕದಿಂದ ಆಚೆ ಹೋಗುತ್ತವೆ. ವಂಚಕ ಬಂಡವಾಳ ಹೂಡುವುದು ಈ ಎರಡು ಲಕ್ಷಣಗಳ ನಡುವಿನ ಸಂದಿಯಲ್ಲಿ. ತಿಳಿವಳಿಕೆಯನ್ನು ಪ್ರದರ್ಶಿಸಬಹುದು: ಅವನಿಗೆ ನಮ್ಮ ಹೆಸರು ಗೊತ್ತು, ಆಧಾರ್‌ನ ಕೊನೆಯ ನಾಲ್ಕು ಅಂಕಿ ಗೊತ್ತು, ಯಾವ ಗುಂಡಿ ಒತ್ತಿದರೆ ಯಾವ ಕಿಟಕಿ ತೆರೆಯುತ್ತದೆ ಎಂಬುದೂ ಗೊತ್ತು. ಇಚ್ಛೆಯನ್ನು ಹಾಗೆ ಪ್ರದರ್ಶಿಸಲು ಬರುವುದಿಲ್ಲ. ಆದ್ದರಿಂದ ಅವನು ಮೊದಲನೆಯದನ್ನು ಧಾರಾಳವಾಗಿ ತೋರಿಸಿ ಎರಡನೆಯದನ್ನು ನಾವೇ ಊಹಿಸಿಕೊಳ್ಳುವಂತೆ ಮಾಡುತ್ತಾನೆ. ಇಷ್ಟೆಲ್ಲ ತಿಳಿದವನು ಕಂಪನಿಯವನೇ ಇರಬೇಕು, ಕಂಪನಿಯವನಾದರೆ ನಮ್ಮ ಒಳ್ಳೆಯದಕ್ಕೇ ಹೇಳುತ್ತಿರಬೇಕು. ಒಂದು ಊಹೆ ಇನ್ನೊಂದರ ಬೆನ್ನೇರಿ ಬರುತ್ತದೆ, ಎರಡಕ್ಕೂ ಪುರಾವೆಯಿಲ್ಲ.

ಕಣ್ಣಾರೆ ಕಂಡ ಮೇಲೆ ನಂಬದೆ ಇರುವುದು ಹೇಗೆ ಎಂದು ಕೇಳಬಹುದು. ಈ ವಂಚನೆ ತತ್ತ್ವಶಾಸ್ತ್ರದ ಗಮನಕ್ಕೆ ಅರ್ಹವಾಗುವುದು ಇಲ್ಲಿಯೇ. ವಿಂಡೋಸ್‌ನಲ್ಲಿ ಇವೆಂಟ್ ವ್ಯೂವರ್ ಎಂಬ ದಿನಚರಿಯಂಥ ಪಟ್ಟಿಯಿದೆ. ಆರೋಗ್ಯವಾಗಿರುವ ಯಂತ್ರದಲ್ಲೂ ಅದರೊಳಗೆ ಕೆಂಪು, ಹಳದಿ ಗುರುತಿನ ನೂರಾರು ದಾಖಲೆಗಳು ಇದ್ದೇ ಇರುತ್ತವೆ. ಕರೆ ಮಾಡಿದವನು ಅದನ್ನು ತೆರೆಸಿ, ನೋಡಿ, ಇದೆಲ್ಲ ವೈರಸ್ ಎನ್ನುತ್ತಾನೆ. ಇನ್ನೊಂದು ವರಸೆಯಲ್ಲಿ ಉದ್ದನೆಯ ಒಂದು ಅಂಕೆಯನ್ನು ತಾನು ಓದಿ ಹೇಳುತ್ತಾನೆ, ಅದೇ ಅಂಕೆ ನಮ್ಮ ಪರದೆಯಲ್ಲೂ ಕಾಣುತ್ತದೆ. ಇದು ನಿಮ್ಮ ಕಂಪ್ಯೂಟರಿನ ಗುಟ್ಟಿನ ಗುರುತು, ಕಂಪನಿಯವನಲ್ಲದಿದ್ದರೆ ನನಗೆ ಹೇಗೆ ಸಿಕ್ಕೀತು ಎಂದು ಕೇಳುತ್ತಾನೆ. ಆ ಅಂಕೆ ಎಲ್ಲ ವಿಂಡೋಸ್ ಯಂತ್ರಗಳಲ್ಲೂ ಒಂದೇ. ನೋಡಿದ್ದು ನಮ್ಮ ಕಣ್ಣೇ ಆದರೂ ನೋಡಿದ್ದರ ಅರ್ಥ ಅವನ ಬಾಯಿಂದ ಬಂತು. ಪ್ರತ್ಯಕ್ಷವೆಂದು ನಾವು ಭಾವಿಸಿದ್ದರೊಳಗೆ ಅವನ ಶಬ್ದವೇ ಕೂತಿತ್ತು. ತರ್ಕಶಾಸ್ತ್ರ ಬಲ್ಲವರು ಇದನ್ನು ಅನೈಕಾಂತಿಕ ಹೇತ್ವಾಭಾಸ ಎಂದು ಥಟ್ಟನೆ ಗುರುತಿಸುತ್ತಾರೆ: ರೋಗಕ್ಕೆ ಲಕ್ಷಣವೆಂದು ತೋರಿಸಿದ್ದು ನಿರೋಗಿಯಲ್ಲೂ ಇದೆ, ಆದ್ದರಿಂದ ಅದು ಏನನ್ನೂ ಸಾಧಿಸದು. ಆದರೆ ನಿರೋಗಿ ಯಂತ್ರದೊಳಗೆ ಏನಿರುತ್ತದೆಂದು ನೋಡದವನಿಗೆ ಈ ದೋಷವನ್ನು ಹಿಡಿಯುವ ದಾರಿಯೇ ಇಲ್ಲ. ಅವನ ಬುದ್ಧಿ ಸರಿಯಾಗಿಯೇ ಇದೆ, ಹೋಲಿಸಲು ಎರಡನೆಯ ಯಂತ್ರವಿಲ್ಲ ಅಷ್ಟೆ.

ಹಾಗಾದರೆ ಸಾಮಾನ್ಯನಿಗೆ ಉಳಿಯುವ ಪರೀಕ್ಷೆ ಯಾವುದು? ಒಂದು ಅರಿವು ನಿಜವೋ ಸುಳ್ಳೋ ಎಂಬುದು ಆ ಅರಿವಿನಿಂದಲೇ ತಿಳಿಯುವುದಿಲ್ಲ, ಹೊರಗಿನ ಇನ್ನೊಂದರಿಂದ ತಿಳಿಯಬೇಕು ಎಂಬುದು ನೈಯಾಯಿಕರ ಪರತಃಪ್ರಾಮಾಣ್ಯ. ಅವರ ಮುಖ್ಯ ಒರೆಗಲ್ಲು ಸಫಲವಾದ ಪ್ರವೃತ್ತಿ: ದೂರದಲ್ಲಿ ಕಂಡದ್ದು ನೀರೇ ಎಂಬುದು ಕುಡಿದು ಬಾಯಾರಿಕೆ ತೀರಿದಾಗ ಖಚಿತ. ಈ ಒರೆಗಲ್ಲು ಇಲ್ಲಿ ನಡೆಯದು, ಏಕೆಂದರೆ ಆ್ಯಪ್ ಹಾಕಿ ನೋಡುವುದೇ ಹಾನಿ. ಆದರೂ 'ಹೊರಗಿನಿಂದ' ಎಂಬ ಅವರ ಮೂಲ ಮಾತು ನಿಲ್ಲುತ್ತದೆ. ಮಾತು ಬಂದ ದಾರಿಯಲ್ಲೇ ಮಾತಿನ ಪರೀಕ್ಷೆ ನಡೆಸಬಾರದು. ಕರೆ ಮಾಡಿದವನ ಐಡಿ ಕಾರ್ಡನ್ನು ಅವನಿಂದಲೇ ವಾಟ್ಸ್‌ಆ್ಯಪ್‌ನಲ್ಲಿ ತರಿಸಿ ನೋಡುವುದು, ಅವನೇ ಕೊಟ್ಟ ನಂಬರಿಗೆ ಫೋನಾಯಿಸಿ 'ಮೇಲಧಿಕಾರಿ'ಯನ್ನು ವಿಚಾರಿಸುವುದು, ಇವೆಲ್ಲ ಸಾಕ್ಷಿಯನ್ನೇ ನ್ಯಾಯಾಧೀಶನ ಪೀಠದಲ್ಲಿ ಕೂರಿಸಿದಂತೆ. ಕರೆ ಕತ್ತರಿಸಿ, ಎಟಿಎಂ ಕಾರ್ಡಿನ ಹಿಂಬದಿಯ ಅಥವಾ ಬಿಲ್ಲಿನ ಮೇಲಿನ ನಂಬರಿಗೆ ನಾವಾಗಿಯೇ ಫೋನ್ ಮಾಡಬೇಕು. ಪರದೆಯ ಎಚ್ಚರಿಕೆಯಲ್ಲಿ ಫೋನ್ ನಂಬರು ಇದ್ದರೆ ಅಷ್ಟೇ ಸಾಕು, ಅದು ಸುಳ್ಳು. ತನ್ನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರು ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಬ್ರೌಸರ್ ಮುಚ್ಚದೆ ಹಟ ಹಿಡಿದರೆ ಟಾಸ್ಕ್ ಮ್ಯಾನೇಜರಿನಿಂದ ನಿಲ್ಲಿಸಬಹುದು, ಅದೂ ಬಾರದಿದ್ದರೆ ಯಂತ್ರವನ್ನೇ ಆರಿಸಬಹುದು. ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೊಂಡು ಕೂರದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಇದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ, ಅದು ಬರುವುದು ಮೀಮಾಂಸಕರಿಂದ, ನಮ್ಮ ಉಡುಪಿಯ ಮಧ್ವಾಚಾರ್ಯರ ಪರಂಪರೆಯಿಂದಲೂ. ಪ್ರಾಮಾಣ್ಯ ಸ್ವತಃಸಿದ್ಧ, ಅಪ್ರಾಮಾಣ್ಯಕ್ಕಷ್ಟೇ ಹೊರಗಿನ ಕಾರಣ ಬೇಕು ಎಂದು ಅವರ ವಾದ. ಪ್ರತಿ ಮಾತಿಗೂ ಇನ್ನೊಂದು ಮಾತಿನ ಸಾಕ್ಷಿ ಬೇಕೆಂದರೆ ಆ ಸಾಕ್ಷಿಗೆ ಮತ್ತೊಂದು ಬೇಕು, ಕೊನೆಯೇ ಇಲ್ಲ. ಕಾರ್ಡಿನ ಹಿಂದಿನ ನಂಬರನ್ನು ಯಾರನ್ನು ನಂಬಿ ನಂಬುತ್ತೀರಿ? ಎಲ್ಲವನ್ನೂ ಸಂಶಯಿಸುವವನಿಗೆ ಈ ಲೋಕವೂ ಇಲ್ಲ, ಪರಲೋಕವೂ ಇಲ್ಲ. ಸ್ಕಾಟ್ಲೆಂಡಿನ ಥಾಮಸ್ ರೀಡ್ ಕೂಡ ಹದಿನೆಂಟನೆಯ ಶತಮಾನದಲ್ಲಿ, ಮಾತನ್ನು ನಂಬುವುದು ಮನುಷ್ಯನ ಸಹಜ ಪ್ರಕೃತಿ ಎಂದು ಡೇವಿಡ್ ಹ್ಯೂಮ್‌ಗೆ ಎದುರಾಗಿ ವಾದಿಸಿದ್ದ. ಆಕ್ಷೇಪದಲ್ಲಿ ಹುರುಳಿದೆ, ನಾನು ಅದನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಸ್ವತಃಪ್ರಾಮಾಣ್ಯವಾದಿಗಳೂ ಪರೀಕ್ಷೆಯನ್ನು ಬಿಟ್ಟವರಲ್ಲ. ದೋಷದ ಶಂಕೆ ಹುಟ್ಟಿದಲ್ಲಿ ಅದನ್ನು ಕಳೆಯಲು ಪರೀಕ್ಷೆ ಬೇಕೆಂದು ಮಾಧ್ವರೂ ಹೇಳುತ್ತಾರೆ. ಕರೆಯದೆ ಬಂದ ಕರೆ, ಈಗಲೇ ಎಂಬ ಅವಸರ, ಯಾರಿಗೂ ಹೇಳಬೇಡಿ ಎಂಬ ಗುಟ್ಟು, ಗಿಫ್ಟ್ ಕಾರ್ಡಿನಲ್ಲಿ ಹಣ ಕೊಡಿ ಎಂಬ ವಿಚಿತ್ರ ಬೇಡಿಕೆ, ಇವು ಶಂಕೆಗೆ ಸಾಕಷ್ಟು ಕಾರಣವೇ. ಮೇಲಾಗಿ, ಕರೆ ಕತ್ತರಿಸುವವನು ಲೋಕವನ್ನೇ ಸಂಶಯಿಸುತ್ತಿಲ್ಲ. ಬ್ಯಾಂಕನ್ನು ನಂಬಿರುವುದರಿಂದಲೇ ಅವನು ಬ್ಯಾಂಕಿಗೆ ಫೋನ್ ಮಾಡುತ್ತಾನೆ. ಕರೆ ಮಾಡಿದವನು ನಿಜವಾದ ಸಿಬ್ಬಂದಿಯಾಗಿದ್ದರೆ ಅವನಿಗೆ ಅದರಿಂದ ಹತ್ತು ನಿಮಿಷದ ತಡವಾದೀತೇ ಹೊರತು ಬೇರೆ ನಷ್ಟವಿಲ್ಲ. ತಡೆಯಲು ಸಿಟ್ಟಿಗೇಳುವುದು ಸುಳ್ಳನೊಬ್ಬನೇ.

ಮೋಸ ಹೋದವನದೇ ತಪ್ಪು, ದುರಾಸೆಗೆ ತಕ್ಕ ಶಾಸ್ತಿ ಎನ್ನುವವರೂ ಇದ್ದಾರೆ. ಸಾಲದ, ಲಾಟರಿಯ ಆಮಿಷಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆಡುವ ಮಾತಿದು. ಕಂಪ್ಯೂಟರ್ ಕೆಟ್ಟಿದೆಯೆಂದು ಕೇಳಿ ಸರಿಪಡಿಸಲು ಹೊರಟವನಲ್ಲಿ ಯಾವ ಆಸೆಯಿದೆ? ಹೇಳಿದ್ದನ್ನು ಗಮನವಿಟ್ಟು ಕೇಳುವುದು, ಸಹಾಯ ಮಾಡಿದವನಿಗೆ ಕೃತಜ್ಞನಾಗಿರುವುದು, ಮಾತಿನ ನಡುವೆ ಫೋನ್ ಇಡುವುದು ಅಸಭ್ಯ ಎಂದುಕೊಳ್ಳುವುದು, ಇವನ ಸೋಲಿಗೆ ಕಾರಣವಾದವು ಇಂಥ ಸದ್ಗುಣಗಳು. ಮುದುಕರು ಮಾತ್ರ ಬೀಳುತ್ತಾರೆ ಎಂಬುದೂ ಅರ್ಧಸತ್ಯ. ಕಳೆದುಕೊಂಡ ಮೊತ್ತ ಹಿರಿಯರದು ದೊಡ್ಡದಿರಬಹುದು, ಆದರೆ 2021ರಲ್ಲಿ ಮೈಕ್ರೋಸಾಫ್ಟ್ 16 ದೇಶಗಳಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ ಹೆಚ್ಚು ಸಲ ಬಲೆಗೆ ಬಿದ್ದವರು ಯುವಕರೇ. ಸಾಕಷ್ಟು ಆಧಾರವಿಲ್ಲದೆ ನಂಬುವುದು ನೈತಿಕ ಅಪರಾಧ ಎಂದು ಇಂಗ್ಲೆಂಡಿನ ಡಬ್ಲ್ಯು. ಕೆ. ಕ್ಲಿಫರ್ಡ್ 1877ರಲ್ಲಿ ವಾದಿಸಿದ. ಅವನ ಉದಾಹರಣೆಯ ಹಡಗಿನ ಮಾಲೀಕ ತನ್ನೊಳಗೆ ಎದ್ದ ಸಂದೇಹವನ್ನು ಲಾಭಕ್ಕಾಗಿ ತಾನೇ ಅದುಮಿಕೊಂಡು, ಜೀರ್ಣ ಹಡಗನ್ನು ಜನರ ಸಮೇತ ಸಮುದ್ರಕ್ಕೆ ಬಿಟ್ಟವನು. ಇಲ್ಲಿ ಸಂದೇಹವನ್ನು ಅದುಮಿದ್ದು ಕರೆ ಮಾಡಿದವನು. ದೋಷವನ್ನು ಅವನ ಖಾತೆಗೇ ಬರೆಯಬೇಕು.

ಅವನಿಗೂ ಒಂದು ಸಮರ್ಥನೆಯಿದೆ: ಕೆಲಸವಿಲ್ಲ, ಕೊಳ್ಳೆ ಹೊಡೆದ ದೇಶಗಳಿಂದ ಒಂದಿಷ್ಟು ವಾಪಸು ತರುತ್ತಿದ್ದೇವೆ, ಅವರಿಗೆ ಇನ್ಶೂರೆನ್ಸ್ ಇರುತ್ತದೆ. ಇತಿಹಾಸದ ಲೆಕ್ಕವನ್ನು ಒಂಟಿ ಮುದುಕಿಯೊಬ್ಬಳ ಉಳಿತಾಯದಿಂದ ತೀರಿಸುವುದು ಯಾವ ನ್ಯಾಯ ಎಂಬುದು ಸುಲಭದ ಉತ್ತರ. ಇದಕ್ಕಿಂತ ಆಳದ ಉತ್ತರ ಯೋಗಸೂತ್ರದ ವ್ಯಾಸಭಾಷ್ಯದಲ್ಲಿದೆ. ತನ್ನ ಅರಿವನ್ನು ಇನ್ನೊಬ್ಬರಿಗೆ ದಾಟಿಸುವುದಕ್ಕಾಗಿಯೇ ಮಾತು ಇರುವುದು, ಅದು ವಂಚಿಸುವಂತಿರಬಾರದು ಎಂದು ಸತ್ಯವನ್ನು ಅಲ್ಲಿ ವಿವರಿಸಲಾಗಿದೆ. ಹಣ ಕದ್ದವನು ಒಬ್ಬನ ಹಣ ಕದಿಯುತ್ತಾನೆ. ಇವನು ಕೇಳುವವರೆಲ್ಲರಲ್ಲಿ ಮಾತಿನ ಮೇಲಿನ ನಂಬಿಕೆಯನ್ನೇ ಸವೆಸುತ್ತಾನೆ. ಬೆಂಗಳೂರಿನಲ್ಲಿ ರಾತ್ರಿಪಾಳಿಯಲ್ಲಿ ಕೂತು ಪ್ರಾಮಾಣಿಕವಾಗಿ ಟೆಕ್ ಸಪೋರ್ಟ್ ಕೊಡುವ ಹುಡುಗ ಹುಡುಗಿಯರು ಬಾಯಿ ತೆರೆದರೆ ಸಾಕು, ಆ ಕಡೆಯವರಿಗೆ ಭಾರತೀಯ ಉಚ್ಚಾರಣೆ ಕೇಳಿಯೇ ಗುಮಾನಿ. ವಾತ್ಸ್ಯಾಯನ ಲೆಕ್ಕದಿಂದ ತೆಗೆದುಹಾಕಿದ್ದ ಕುಲವನ್ನು ಈ ದಂಧೆ ಮತ್ತೆ ಒಳಗೆ ತಂದಿದೆ.

ಪಾಲು ಸಂಸ್ಥೆಗಳದ್ದೂ ಇದೆ, ಅದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ನಿಜವಾದ ಬ್ಯಾಂಕುಗಳೇ ಕರೆ ಮಾಡಿ, 'ವೆರಿಫಿಕೇಷನ್‌ಗಾಗಿ ನಿಮ್ಮ ಜನ್ಮದಿನಾಂಕ ಹೇಳಿ ಸರ್' ಎನ್ನುವುದುಂಟು. ಗುರುತು ಸಾಬೀತು ಮಾಡಬೇಕಾದವನು ಕರೆ ಮಾಡಿದವನು, ಮಾಡುತ್ತಿರುವುದು ಕರೆ ಎತ್ತಿದವನು. ವಂಚಕನಿಗೆ ಬೇಕಾದ ಅಭ್ಯಾಸವನ್ನು ಬ್ಯಾಂಕೇ ಕಲಿಸಿಕೊಟ್ಟಂತಾಯಿತು. ಸೇವೆ, ವ್ಯವಹಾರಗಳ ಕರೆಗಳಿಗೆ 1600ರಿಂದ ಶುರುವಾಗುವ ನಂಬರುಗಳನ್ನೇ ಬಳಸಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಸೂಚಿಸಿತು. ಒಳ್ಳೆಯದೇ, ಆದರೆ ಅದೂ ಬಂದ ಕರೆಯ ಮುಖ ನೋಡಿ ನಂಬು ಎಂದೇ ಹೇಳುತ್ತದೆ. ತನ್ನ ಸಿಬ್ಬಂದಿ ಪ್ರತಿ ಕರೆಯ ಮೊದಲ ವಾಕ್ಯದಲ್ಲೇ 'ಅನುಮಾನವಿದ್ದರೆ ಈಗಲೇ ಫೋನಿಟ್ಟು ನಿಮ್ಮ ಕಾರ್ಡಿನ ಹಿಂದಿರುವ ನಂಬರಿಗೆ ಕರೆ ಮಾಡಿ' ಎನ್ನಬೇಕೆಂದು ಬ್ಯಾಂಕೊಂದು ನಿಯಮ ಮಾಡಿದರೆ ಅದಕ್ಕೆ ಖರ್ಚು ಬೀಳುತ್ತದೆ, ಕರೆಗಳ ಸಂಖ್ಯೆ ಹೆಚ್ಚುತ್ತದೆ, ಗ್ರಾಹಕರು ಕಾಯಬೇಕಾಗುತ್ತದೆ. ಆಪ್ತನಾಗಿರಲು ತೆರಬೇಕಾದ ಬೆಲೆ ಇದು, ಈಗ ಅದನ್ನು ತೆರುತ್ತಿರುವವರು ಗ್ರಾಹಕರು.