ಕೇಳದಿದ್ದರೂ ಹೇಳಬೇಕೆ?

ಹಳೆ ಬೈಕು ಕೊಳ್ಳುವವರು ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುವಂತೆ, ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳುವವರು ಮೊದಲು ಕೇಳುವುದು ಶಟರ್ ಕೌಂಟ್ ಎಷ್ಟು ಎಂದು. ಅಂದರೆ, ಶಟರಿನ ಪರದೆ ಈವರೆಗೆ ಎಷ್ಟು ಸಲ ತೆರೆದು ಮುಚ್ಚಿದೆ? ಸೋನಿ 2018ರಲ್ಲಿ ತಂದ ಎ7 ತ್ರೀ ಮಾದರಿಯ ಶಟರಿಗೆ ಕಂಪನಿ ಹೇಳಿದ ಆಯುಷ್ಯ ಸುಮಾರು 2 ಲಕ್ಷ ಸಲ. ಅದರಲ್ಲಿ 20 ಸಾವಿರವಷ್ಟೇ ಆಗಿದ್ದರೆ ಮಾರುವವರು ಚೌಕಾಸಿಗೆ ಬಗ್ಗುವುದಿಲ್ಲ.

ಆದರೆ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಈ ಲೆಕ್ಕ ಅರ್ಧ ಕತೆ ಮಾತ್ರ. ವಿಡಿಯೊ ತೆಗೆಯುವಾಗ ಪರದೆ ತೆರೆದೇ ಇರುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಅದು ಅಲುಗುವುದೇ ಇಲ್ಲ. ದುಡಿಮೆಯೆಲ್ಲ ಸೆನ್ಸರಿನದು. ಮೂರು ವರ್ಷ ಮದುವೆ ಮನೆಗಳಲ್ಲಿ ಆರತಕ್ಷತೆಯಿಂದ ಮುಹೂರ್ತದವರೆಗೆ ಗಂಟೆಗಟ್ಟಲೆ ಬಿಸಿಯಾದ ಕ್ಯಾಮೆರಾ ಕೂಡ ಬರೀ 20 ಸಾವಿರ ತೋರಿಸಬಹುದು. ಆ ಸಂಖ್ಯೆ ತೋರಿಸಿ ಸುಮ್ಮನಾದವರು ಒಂದು ಸುಳ್ಳನ್ನೂ ಹೇಳಿಲ್ಲ. ಮೋಸ ಮಾಡಿದರೇ?

ಪ್ರಶ್ನೆ ಕ್ಯಾಮೆರಾಗಿಂತ ಬಹಳ ಹಳೆಯದು. ಕ್ರಿ.ಪೂ. 44ರಲ್ಲಿ ಸಿಸೆರೊ ಕರ್ತವ್ಯಗಳ ಕುರಿತು ಬರೆದ ಪುಸ್ತಕದಲ್ಲಿ ಮನೆ ಮಾರುವವನೊಬ್ಬ ಬರುತ್ತಾನೆ. ಆ ಮನೆಯ ಮರಮುಟ್ಟು ಕಳಪೆ, ಮಲಗುವ ಕೋಣೆಗಳಲ್ಲೆಲ್ಲ ಹಾವು. ಗೊತ್ತಿರುವುದು ಅವನೊಬ್ಬನಿಗೇ. ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ, ಕೊಳ್ಳೆಂದು ಯಾರೂ ಬಲವಂತ ಮಾಡಿಲ್ಲವಲ್ಲ ಎಂಬುದು ಬ್ಯಾಬಿಲೋನಿನ ಡಯೋಜಿನಿಸನ ವಾದ. ವಕೀಲರಿಗೆ ಇಷ್ಟವಾಗುವಂಥದು. ಅವನ ಶಿಷ್ಯ ಆಂಟಿಪಾಟರ್ ಒಪ್ಪುವುದಿಲ್ಲ: ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತಲೂ ಇದು ಕೆಟ್ಟದ್ದು. ಸಿಸೆರೊ ಶಿಷ್ಯನ ಕಡೆ ನಿಲ್ಲುತ್ತಾನೆ.

ನಾನೂ ಅದೇ ಕಡೆ, ಆದರೆ ಗೊತ್ತಿದ್ದದ್ದನ್ನೆಲ್ಲ ಹೇಳಬೇಕೆಂದಲ್ಲ. 2021ರಲ್ಲಿ ಎ7 ಫೋರ್ ಬಂತು. ಹೊಸ ಮಾದರಿ ಬಂದರೆ ಹಳೆಯದರ ಬೆಲೆ ಇಳಿಯುತ್ತದೆ, ಅದು ತೆಗೆಯುವ ಫೋಟೊ ಒಂದು ಚೂರೂ ಕೆಡದಿದ್ದರೂ. ಇದನ್ನು ನೆನಪಿಸುವ ಹೊಣೆ ಮಾರುವವರದಲ್ಲ. ಸುದ್ದಿ ಇಬ್ಬರಿಗೂ ಸಿಗುತ್ತದೆ. ಲೆನ್ಸಿನೊಳಗಿನ ಫಂಗಸ್ಸೂ ಟಾರ್ಚ್ ಹಿಡಿದರೆ ಕಾಣುತ್ತದೆ. ಆದರೆ ಕರಾವಳಿಯ ಮಳೆಗಾಲದಲ್ಲಿ ಫಂಗಸ್ ಹಿಡಿದು, ಬಿಚ್ಚಿಸಿ ಶುಚಿ ಮಾಡಿಸಿದ ಲೆನ್ಸು? ಈಗ ಯಾವ ಟಾರ್ಚಿಗೂ ಏನೂ ಕಾಣದು, ಮುಂದಿನ ಮಳೆಗೆ ಮರಳಿ ಬರಲೂಬಹುದು. ಮದುವೆ ವಿಡಿಯೊದ ಗಂಟೆಗಳೂ ಅಂಥವೇ. ಕೊಳ್ಳುವವರು ಎಷ್ಟು ಜಾಣರಾದರೂ ತಾವಾಗಿ ತಿಳಿಯಲಾಗದ್ದನ್ನು ಕೇಳದಿದ್ದರೂ ಹೇಳಬೇಕು. ಹೊಸದಕ್ಕೆ ದುಡ್ಡು ಸಾಲದೆ ಹಳೆಯದನ್ನು ಕೊಂಡು ಕಸುಬು ಶುರು ಮಾಡುವ ಹುಡುಗ ಹುಡುಗಿಯರಿಗೆ ಎರಡನೇ ಕ್ಯಾಮೆರಾ ಇರುವುದಿಲ್ಲ. ಅದು ಕೈಕೊಟ್ಟರೆ ಒಪ್ಪಿಕೊಂಡ ಮದುವೆಯೇ ಹೋಯಿತು.

ಹೇಳಿದರೆ ಬೆಲೆ ಇಳಿಯುತ್ತದೆ, ನಿಜ. ಹೇಳದಿದ್ದರೂ ಇಳಿಯುತ್ತದೆ, ಬೇರೆಯವರದು. ಹಳೆ ಕಾರುಗಳ ಉದಾಹರಣೆ ಹಿಡಿದು ಜಾರ್ಜ್ ಅಕರ್ಲಾಫ್ 1970ರಲ್ಲಿ ವಿವರಿಸಿದ್ದು ಇದನ್ನೇ: ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ತಿಳಿಯದಾಗ ಜನ ಎಲ್ಲಕ್ಕೂ ನಡುವಿನ ಬೆಲೆ ಕೇಳುತ್ತಾರೆ, ಆ ಬೆಲೆಗೆ ಒಳ್ಳೆಯ ಕಾರಿನವರು ಮಾರಲೊಪ್ಪುವುದಿಲ್ಲ. ಕ್ಯಾಮೆರಾವನ್ನು ಜೋಪಾನ ಮಾಡಿದವರು ಉಳಿದವರ ಮೌನಕ್ಕೆ ದಂಡ ಕಟ್ಟುತ್ತಾರೆ.

ಒಂದು ತೊಡಕು ಉಳಿಯುತ್ತದೆ. ಮಾರುವವರೇ ಎರಡನೆಯ ಮಾಲೀಕರಾಗಿದ್ದರೆ ಮೊದಲಿನವರು ಅದರಲ್ಲಿ ಏನು ತೆಗೆದರೆಂದು ಅವರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದರೆ ಅದಕ್ಕೂ ಒಂದಿಷ್ಟು ರೂಪಾಯಿ ಕಳೆಯುತ್ತಾರೆ. ಆ ರೂಪಾಯಿಯನ್ನು ಅವರು ಯಾರ ಬಳಿ ಹೋಗಿ ಕೇಳಬೇಕು?