ಬಾಯಿ ಬಿಡೋಕೆ ಭಯ
ಕೈಗೆ ಕಟ್ಟಿದ ವಾಚು ದಿನಾ ನನ್ನ ಹೆಜ್ಜೆ, ನಿದ್ದೆ, ಎದೆಬಡಿತದ ಲೆಕ್ಕ ಇಡುತ್ತೆ. 10,000 ಹೆಜ್ಜೆ ಆದ ದಿನ ಸ್ಕ್ರೀನ್‌ಶಾಟ್ ತೆಗೆದು ಗೆಳೆಯರ ಗ್ರೂಪಿಗೆ ಹಾಕುವ ಆಸಾಮಿ ನಾನು. ಅದೇ ನಾನು ದವಡೆಹಲ್ಲು ನೋಯುತ್ತಿದ್ದರೂ ಎಂಟು ತಿಂಗಳು ಲವಂಗ ಕಚ್ಚಿಕೊಂಡು ಆಫೀಸಿಗೆ ಹೋಗಿಬಂದೆ.

ಕೊನೆಗೊಂದು ದಿನ ಕ್ಲಿನಿಕ್ಕಿಗೆ ಹೋದೆ. ಫಾರ್ಮಿನಲ್ಲಿ ಬಿಪಿ ಇದೆಯಾ, ಏನಾದರೂ ಮಾತ್ರೆ ತಗೊಳ್ತೀರಾ ಅಂತ ಕೇಳಿತ್ತು. ಎರಡಕ್ಕೂ 'ಇಲ್ಲ' ಅಂತ ಬರೆದೆ. ಮಾತ್ರೆ ಶುರುವಾಗಿ ಆಗಲೇ ವರ್ಷವಾಗಿತ್ತು. ಹಲ್ಲಿಗೂ ಬಿಪಿಗೂ ಏನು ಸಂಬಂಧ ಅನ್ನೋದು ನೆಪ, 'ಈ ವಯಸ್ಸಿಗೇನಾ?' ಅನ್ನೋ ನೋಟ ಬೇಡವಾಗಿತ್ತು, ಅಷ್ಟೇ.

ಡಾಕ್ಟರು ನನಗಿಂತ ಚಿಕ್ಕ ಹುಡುಗಿ. ಫಾರ್ಮ್ ನೋಡಿದ ಮೇಲೂ ತೋಳಿಗೆ ಪಟ್ಟಿ ಸುತ್ತಿದರು. 164/102.

"ಹೆದರಿಕೆಗೂ ಬಿಪಿ ಏರುತ್ತೆ ಸರ್. ಬರೀ ಹೆದರಿಕೆನಾ, ಬೇರೆ ಏನಾದ್ರೂ ಇದೆಯಾ?"

ಆಗ ಒಪ್ಪಿಕೊಂಡೆ. ಮರಗಟ್ಟಿಸೋ ಇಂಜೆಕ್ಷನ್ನಿನಲ್ಲಿ ಸಾಮಾನ್ಯವಾಗಿ ಸ್ವಲ್ಪ ಅಡ್ರಿನಲಿನ್ ಬೆರೆಸಿರುತ್ತಾರಂತೆ, ಮದ್ದಿನ ಪರಿಣಾಮ ಹೆಚ್ಚು ಹೊತ್ತು ನಿಲ್ಲಲಿ ಅಂತ. ಬಿಪಿ ಇರೋರಿಗೆ ಅದನ್ನು ಅಳೆದು ತೂಗಿ ಕೊಡಬೇಕು.

ನನ್ನ ದೇಹ, ನನ್ನಿಷ್ಟ ಅಂತ ವಾದ ಮಾಡಬಹುದು. ಹುಳುಕನ್ನು ನೋಡದೇ ಇರೋ ಹಕ್ಕು ನನಗಿದೆ ಅಂತಲೇ ಇಟ್ಟುಕೊಳ್ಳಿ. ಆದರೆ ಆ ಕುರ್ಚಿಯಲ್ಲಿ ಒರಗಿದ ಮೇಲೆ ನಾನು ಮುಚ್ಚಿಟ್ಟಿದ್ದರ ಭಾರ ಸಿರಿಂಜ್ ಹಿಡಿದವರ ಮೇಲೆ ಬೀಳುತ್ತೆ. ನನಗೇನಾದರೂ ಆಗಿದ್ದರೆ ಉತ್ತರ ಹೇಳಬೇಕಾಗಿದ್ದದ್ದು ಆಕೆ.

ತಪ್ಪೆಲ್ಲ ನನ್ನದೇ ಅಂತಲೂ ಒಪ್ಪಲಾರೆ. 1969ರಲ್ಲಿ ನಾರ್ಮನ್ ಕೋರಾ ಎಂಬ ಮನಶ್ಶಾಸ್ತ್ರಜ್ಞ ದಂತಭಯ ಅಳೆಯಲು ನಾಲ್ಕು ಪ್ರಶ್ನೆ ಮಾಡಿದರು: ನಾಳೆ ಡೆಂಟಿಸ್ಟ್ ಹತ್ತಿರ ಹೋಗಬೇಕು ಅಂದಾಗ, ಹೊರಗೆ ಕಾಯುವಾಗ, ಡ್ರಿಲ್ ಸಿದ್ಧವಾಗುವಾಗ, ಹಲ್ಲು ಕ್ಲೀನ್ ಮಾಡಿಸಲು ಕೂತಾಗ ಹೇಗನಿಸುತ್ತೆ? ನನ್ನ ಭಯ ಆ ನಾಲ್ಕರಲ್ಲೂ ಇಲ್ಲ. ಹಿಂದೊಮ್ಮೆ ಬೇರೆ ಕಡೆ, ಬಾಯಿ ತೆರೆದು ಮಲಗಿದ್ದಾಗ, "ಓದಿದೋರು ನೀವು, ಇಷ್ಟು ದಿನ ಏನ್ ಮಾಡ್ತಿದ್ರಿ?" ಅಂತ ಕೇಳಿಸಿಕೊಂಡಿದ್ದೆ. ಬಾಯಲ್ಲಿ ಹತ್ತಿ ಇಟ್ಟುಕೊಂಡು ಏನಂತ ಹೇಳೋದು? ವಾಚು ಹಾಗೆಲ್ಲ ಕೇಳಲ್ಲ. ಅದಕ್ಕೇ ಅದರ ಹತ್ತಿರ ಏನೂ ಮುಚ್ಚಿಡಲ್ಲ.

ಈ ಡಾಕ್ಟರು ಬೈಯಲಿಲ್ಲ. ಹಲ್ಲು ಕೀಳೋದನ್ನು ಒಂದು ವಾರ ಮುಂದಕ್ಕೆ ಹಾಕಿ, ನಮ್ಮ ಫಿಜಿಷಿಯನ್ನರಿಂದ ಚೀಟಿ ತರಲು ಹೇಳಿ, ಇನ್ನೊಂದು ಫಾರ್ಮ್ ಕೊಟ್ಟರು. ಮಾತ್ರೆಯ ಹೆಸರು ಬರೆದೆ. ಕೆಳಗಿನ ಸಾಲಿನಲ್ಲಿ, ದಿನಕ್ಕೆ ಎಷ್ಟು ಸಿಗರೇಟು ಅಂತಿತ್ತು. ಪೆನ್ನು ಸ್ವಲ್ಪ ಹೊತ್ತು ನಿಂತಿತು.